ಮಾಸುವ ಗೆರೆ, ಮೂಡುವ ಗೆರೆ: ಕ್ವೇಸಾರ್‌ಗಳ ಸುತ್ತಲಿನ ಅನಿಲವನ್ನು ಅಳೆದ ಚರಿತ್ರೆ

ಬೆಳಕನ್ನು ಪಟ್ಟಕದಲ್ಲಿ ಹಾಯಿಸಿ ಹರಡಿದಾಗ ಸಿಗುವ ಬಣ್ಣಗಳ ಸಾಲೇ ರೋಹಿತ. ಬೆಳಕು ಹುಟ್ಟಿದ ಕಡೆಯಿಂದ ನೋಡುವವರ ತನಕದ ದಾರಿಯಲ್ಲಿ ಎಲ್ಲಾದರೂ ಅನಿಲ ಅಡ್ಡವಿದ್ದರೆ, ಅದು ತನಗೆ ಸಲ್ಲುವ ಕೆಲವು ಅಲೆಯುದ್ದಗಳನ್ನಷ್ಟೇ ಹೀರಿಕೊಳ್ಳುತ್ತದೆ. ಆ ಜಾಗಗಳಲ್ಲಿ ರೋಹಿತದ ಮೇಲೆ ಕಪ್ಪು ಗೆರೆಗಳು ಉಳಿಯುತ್ತವೆ. ಗೆರೆ ಎಲ್ಲಿದೆ ಎಂಬುದನ್ನು ನೋಡಿ ಅನಿಲ ಯಾವುದು, ಎಷ್ಟು ವೇಗದಲ್ಲಿ ಚಲಿಸುತ್ತಿದೆ ಎಂದು ಹೇಳಬಹುದು. ಎಷ್ಟು ಆಳವಾಗಿದೆ ಎಂಬುದನ್ನು ನೋಡಿ ಅನಿಲದ ಮೊತ್ತವನ್ನು ಅಂದಾಜಿಸಬಹುದು. ಆದರೆ ಆ ಅನಿಲ ಬೆಳಕಿನ ಮೂಲದಿಂದ ಎಷ್ಟು ದೂರದಲ್ಲಿದೆ, ಎಷ್ಟು ದಟ್ಟವಾಗಿದೆ ಎಂಬ ಎರಡು ಪ್ರಶ್ನೆಗಳಿಗೆ ಒಂದೇ ಒಂದು ರೋಹಿತದಿಂದ ಸಾಮಾನ್ಯವಾಗಿ ಉತ್ತರ ದೊರೆಯದು. ಕ್ವೇಸಾರ್‌ಗಳ ಮಟ್ಟಿಗೆ ಈ ಉತ್ತರಗಳು ಸಿಗತೊಡಗಿದ್ದು ಒಂದೇ ಕ್ವೇಸಾರಿನ ರೋಹಿತವನ್ನು ವರ್ಷಗಳ ಅಂತರದಲ್ಲಿ ಮತ್ತೆ ಮತ್ತೆ ತೆಗೆದು, ಗೆರೆಗಳು ಬದಲಾಗುವುದನ್ನು ಗಮನಿಸತೊಡಗಿದ ಮೇಲೆ. ಈ ವಿದ್ಯೆಯ ಬೇರುಗಳು ಯುರೋಪಿನಲ್ಲಿದ್ದರೂ ಅದರ ಬೆಳವಣಿಗೆಯ ಕೆಲವು ಮುಖ್ಯ ಘಟ್ಟಗಳು ಕಾಸರಗೋಡಿನ ಕರಾವಳಿಯಿಂದ ಮಾಗಡಿಯ ಅಂಚಿನವರೆಗೆ ಹರಡಿಕೊಂಡಿವೆ.

ಜರ್ಮನಿಯ ಮಸೂರ ತಯಾರಕ ಜೋಸೆಫ್ ಫ್ರೌನ್‌ಹೋಫರ್ 1814ರಲ್ಲಿ ಸೂರ್ಯನ ರೋಹಿತದಲ್ಲಿ ಐನೂರಕ್ಕೂ ಹೆಚ್ಚು ಕಪ್ಪು ಗೆರೆಗಳನ್ನು ಗುರುತಿಸಿ ನಕ್ಷೆ ಮಾಡಿದ. ಅವು ಏಕೆ ಮೂಡುತ್ತವೆ ಎಂಬುದಕ್ಕೆ ಹೈಡೆಲ್‌ಬರ್ಗ್‌ನ ಕಿರ್ಕಾಫ್ ಮತ್ತು ಬುನ್ಸೆನ್ 1859ರ ಹೊತ್ತಿಗೆ ವಿವರಣೆ ಕೊಟ್ಟರು. ಅಲ್ಲಿಂದ ಹನ್ನೆರಡು ವರ್ಷದೊಳಗೆ ಈ ವಿದ್ಯೆ ಕನ್ನಡ ಸೀಮೆಗೆ ಬಂದಿತ್ತು. 1871ರ ಡಿಸೆಂಬರ್ 12ರ ಖಗ್ರಾಸ ಸೂರ್ಯಗ್ರಹಣವನ್ನು ನೋಡಲು ಇಂಗ್ಲೆಂಡಿನ ನಾರ್ಮನ್ ಲಾಕಿಯರ್ ತನ್ನ ತಂಡದೊಡನೆ ಕಾಸರಗೋಡು ಕರಾವಳಿಯ ಬೇಕಲದಲ್ಲಿ ಬೀಡುಬಿಟ್ಟ. ಕೆಳದಿಯ ಅರಸರು ಕಟ್ಟಿಸಿದ ಬೇಕಲ ಕೋಟೆ ಆಗ ಮದರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. ಅದೇ ಬೆಳಗ್ಗೆ ಫ್ರಾನ್ಸಿನ ಜೂಲ್ಸ್ ಜಾನ್ಸೆನ್ ನೀಲಗಿರಿಯ ಷೋಲೂರಿನಲ್ಲಿದ್ದ. ಸೂರ್ಯನ ಪ್ರಭಾವಲಯದಲ್ಲಿ ಹೊಳೆಯುವ ಗೆರೆಗಳ ಜೊತೆಗೆ ಫ್ರೌನ್‌ಹೋಫರನ ಕಪ್ಪು ಗೆರೆಗಳ ಸುಳಿವನ್ನೂ ಜಾನ್ಸೆನ್ ಕಂಡ. ಪ್ರಭಾವಲಯದ ಬೆಳಕಿನಲ್ಲಿ ಒಂದು ಪಾಲು ಅದರದೇ ಅಲ್ಲ, ಧೂಳಿನ ಕಣಗಳಿಂದ ಚದುರಿ ಬಂದ ಸೂರ್ಯನ ಬೆಳಕು ಎಂಬ ತಿಳಿವಿಗೆ ಅದು ದಾರಿಯಾಯಿತು. ಬೆಳಕು ಎಲ್ಲಿ ಹುಟ್ಟಿತು, ದಾರಿಯಲ್ಲಿ ಏನನ್ನು ಹಾದು ಬಂತು ಎಂಬೆರಡನ್ನೂ ಬೇರೆ ಬೇರೆಯಾಗಿ ಓದಬೇಕೆಂಬ ಪಾಠ ಆ ಗ್ರಹಣದಲ್ಲೇ ಇತ್ತು.

ಎರಡನೆಯ ಘಟ್ಟ ಕೊಡೈಕೆನಾಲ್. ಅಲ್ಲಿನ ಸೌರ ವೀಕ್ಷಣಾಲಯದಲ್ಲಿ ಜಾನ್ ಎವರ್‌ಶೆಡ್ 1909ರ ಜನವರಿಯಲ್ಲಿ ಸೂರ್ಯಕಲೆಗಳ ರೋಹಿತ ತೆಗೆಯುತ್ತಿದ್ದಾಗ, ಕಲೆಯ ಅರೆನೆರಳಿನ ಭಾಗದಲ್ಲಿ ಹೀರಿಕೆ ಗೆರೆಗಳು ತಮ್ಮ ಜಾಗದಿಂದ ತುಸು ಸರಿದಿರುವುದನ್ನು ಕಂಡ. ಕಲೆಯ ಒಂದು ಬದಿಯಲ್ಲಿ ಗೆರೆ ಕೆಂಪಿನತ್ತ ಸರಿದಿದ್ದರೆ ಇನ್ನೊಂದು ಬದಿಯಲ್ಲಿ ನೀಲಿಯತ್ತ ಸರಿದಿತ್ತು. ಅನಿಲ ಕಲೆಯ ನಡುವಿನಿಂದ ಹೊರಗೆ ಹರಿಯುತ್ತಿದೆ ಎಂಬುದಷ್ಟೇ ಇದಕ್ಕೆ ಹೊಂದುವ ವಿವರಣೆಯಾಗಿತ್ತು. ಎವರ್‌ಶೆಡ್ ಪರಿಣಾಮ ಎಂದು ಇಂದಿಗೂ ಕರೆಯುವ ಈ ಶೋಧವನ್ನು ಕ್ವೇಸಾರ್ ಅಧ್ಯಯನದ ನೇರ ಪೂರ್ವಜ ಎನ್ನಲು ಕಾರಣವಿದೆ. ಕಪ್ಪು ಗೆರೆಯ ಸರಿತವೊಂದನ್ನೇ ಹಿಡಿದು, ಕೈಗೆ ಎಟುಕದ ಅನಿಲದ ಹೊರಹರಿವನ್ನು ಕಂಡುಕೊಂಡದ್ದು ಅಲ್ಲಿಯೂ ನಡೆಯಿತು, ಮುಂದೆ ಕ್ವೇಸಾರ್‌ಗಳಲ್ಲಿಯೂ ನಡೆಯಿತು. ಸೂರ್ಯನಲ್ಲಿ ಆ ವೇಗ ಸೆಕೆಂಡಿಗೆ ಕೆಲವೇ ಕಿಲೋಮೀಟರ್. ಕ್ವೇಸಾರಿನಲ್ಲಿ ಹತ್ತಾರು ಸಾವಿರ.

ಕೊಡೈಕೆನಾಲ್ ವೀಕ್ಷಣಾಲಯವೇ 1971ರಲ್ಲಿ ಎಂ.ಕೆ. ವೈನು ಬಪ್ಪು ಅವರ ನೇತೃತ್ವದಲ್ಲಿ ಭಾರತೀಯ ತಾರಾಭೌತ ಸಂಸ್ಥೆಯಾಗಿ ಸ್ವತಂತ್ರ ರೂಪ ಪಡೆಯಿತು. ಅದರ ಕೇಂದ್ರ ಬೆಂಗಳೂರಿನ ಕೋರಮಂಗಲಕ್ಕೆ ಬಂತು. ಜವಾದಿ ಬೆಟ್ಟಗಳ ಕಾವಲೂರಿನಲ್ಲಿ 1972ರಲ್ಲಿ ಒಂದು ಮೀಟರಿನ ದೂರದರ್ಶಕವೂ, ಬಪ್ಪು ತೀರಿಕೊಂಡ ಮೇಲೆ 1986ರಲ್ಲಿ 2.34 ಮೀಟರಿನ ದೂರದರ್ಶಕವೂ ಕೆಲಸ ಶುರುಮಾಡಿದವು. ದೊಡ್ಡದು ಬಪ್ಪು ಅವರ ಹೆಸರನ್ನೇ ಹೊತ್ತಿದೆ. ಲಡಾಖಿನ ಹಾನ್ಲೆಯಲ್ಲಿ, 4,500 ಮೀಟರ್ ಎತ್ತರದಲ್ಲಿ ನಿಂತ ಎರಡು ಮೀಟರಿನ ಹಿಮಾಲಯನ್ ಚಂದ್ರ ದೂರದರ್ಶಕಕ್ಕೆ 2000ನೇ ಇಸವಿಯಲ್ಲಿ ಮೊದಲ ಬೆಳಕು ಬಿತ್ತು. ಅದನ್ನು ನಡೆಸುವವರು ಹಾನ್ಲೆಯ ಚಳಿಯಲ್ಲಿ ಕೂರಬೇಕಿಲ್ಲ. ಬೆಂಗಳೂರಿಗೆ ಹತ್ತಿರದ ಹೊಸಕೋಟೆಯ ಕೇಂದ್ರದಿಂದ ಉಪಗ್ರಹದ ಮೂಲಕ ಅಪ್ಪಣೆ ಹೋಗುತ್ತದೆ, ಅದೇ ದಾರಿಯಲ್ಲಿ ಚಿತ್ರ ಬರುತ್ತದೆ.

ಕ್ವೇಸಾರ್‌ಗಳು ಬೆಳಕಿಗೆ ಬಂದದ್ದು 1963ರಲ್ಲಿ. ರೇಡಿಯೊ ಆಕರ 3ಸಿ 273 ಇರುವ ಜಾಗದಲ್ಲಿ ನಕ್ಷತ್ರದಂತೆ ಕಾಣುವ ಚುಕ್ಕೆಯೊಂದರ ರೋಹಿತವನ್ನು ಕ್ಯಾಲಿಫೋರ್ನಿಯಾದ ಪಾಲೊಮಾರ್‌ನಲ್ಲಿ ತೆಗೆದ ಮಾರ್ಟೆನ್ ಸ್ಮಿತ್, ಅದರ ಗೆರೆಗಳು ಹೈಡ್ರೊಜನ್ನಿನವೇ ಎಂದೂ, ಅಲೆಯುದ್ದದಲ್ಲಿ ಶೇ 15.8ರಷ್ಟು ಹಿಗ್ಗಿವೆ ಎಂದೂ ಗುರುತಿಸಿದ. ವಿಶ್ವದ ವಿಸ್ತರಣೆಯಿಂದಾಗುವ ಈ ಹಿಗ್ಗುವಿಕೆಗೆ ಕೆಂಪು ಪಲ್ಲಟ ಎಂದು ಹೆಸರು. ಅಷ್ಟು ದೂರದಲ್ಲಿದ್ದೂ ಅಷ್ಟು ಪ್ರಕಾಶ ಬೀರಬೇಕಾದರೆ ಅದು ನಕ್ಷತ್ರವಾಗಿರಲು ಸಾಧ್ಯವಿಲ್ಲ. ಗೆಲಾಕ್ಸಿಯೊಂದರ ನಡುವಿನ ಬೃಹತ್ ಕಪ್ಪುಕುಳಿಗೆ ಅನಿಲ ಸುತ್ತಿ ಬೀಳುವಾಗ ಕಾಯ್ದು ಹೊಮ್ಮಿಸುವ ಬೆಳಕೇ ಕ್ವೇಸಾರ್ ಎಂಬ ತೀರ್ಮಾನ ನಿಧಾನವಾಗಿ ಗಟ್ಟಿಯಾಯಿತು.

ಇಲ್ಲಿ ಬರುವ ಕಾಲದ ಅಳತೆಗೆ ರಾಮನಗರದ ಬಂಡೆಗಳು ಒಳ್ಳೆಯ ಗುರುತು. ರಾಮನಗರವನ್ನು ಬ್ರಿಟಿಷರು ಕ್ಲೋಸ್‌ಪೇಟೆ ಎನ್ನುತ್ತಿದ್ದರು. ಆ ಸೀಮೆಯ ಬೆಟ್ಟಗಳ ಕಲ್ಲಿಗೆ ಭೂವಿಜ್ಞಾನಿಗಳು ಕ್ಲೋಸ್‌ಪೇಟ್ ಗ್ರಾನೈಟ್ ಎಂದೇ ಹೆಸರಿಟ್ಟರು. ಅದು ಭೂಗರ್ಭದಲ್ಲಿ ಕರಗಿದ ಶಿಲೆಯಾಗಿ ಮೇಲೇರಿ ತಣಿದದ್ದು ಸುಮಾರು 250 ಕೋಟಿ ವರ್ಷಗಳ ಹಿಂದೆ. 3ಸಿ 273ರಿಂದ ಈಗ ನಮ್ಮನ್ನು ತಲುಪುತ್ತಿರುವ ಬೆಳಕು ಹೊರಟದ್ದು ಸುಮಾರು 200 ಕೋಟಿ ವರ್ಷಗಳ ಹಿಂದೆ, ಅಂದರೆ ರಾಮನಗರದ ಬಂಡೆ ಆಗಲೇ ಹಳೆಯದಾಗಿತ್ತು. ಆದರೆ 3ಸಿ 273 ತೀರ ಹತ್ತಿರದ ಕ್ವೇಸಾರ್. ಹೀರಿಕೆ ಗೆರೆಗಳಿಗಾಗಿ ಅಧ್ಯಯನ ಮಾಡುವ ಬಹುಪಾಲು ಕ್ವೇಸಾರ್‌ಗಳ ಬೆಳಕು ಹೊರಟಾಗ ಬಂಡೆಯಿರಲಿ, ಭೂಮಿಯೇ ಹುಟ್ಟಿರಲಿಲ್ಲ.

ಕ್ವೇಸಾರ್‌ಗಳಲ್ಲಿ ಹೀರಿಕೆ ಗೆರೆ ಸಿಗಲು ಬಹಳ ಕಾಲ ಬೇಕಾಗಲಿಲ್ಲ. 1966ರಲ್ಲಿ 3ಸಿ 191ರಲ್ಲಿ ಕಿರಿದಾದ ಗೆರೆಗಳು ಕಂಡವು. ಮರುವರ್ಷ ರೋಜರ್ ಲಿಂಡ್ಸ್ ಪಿಎಚ್‌ಎಲ್ 5200 ಎಂಬ ಕ್ವೇಸಾರಿನ ರೋಹಿತವನ್ನು ಪ್ರಕಟಿಸಿದಾಗ ಬೇರೆಯೇ ಒಂದು ನೋಟ ತೆರೆಯಿತು. ಅಲ್ಲಿದ್ದವು ಗೆರೆಗಳಲ್ಲ, ಹೊಂಡಗಳು. ಕಾರ್ಬನ್ನಿನ ಹೊಳೆಯುವ ಉತ್ಸರ್ಜನ ರೇಖೆಗೆ ತಾಗಿಕೊಂಡೇ, ಅದರ ನೀಲಿ ಬದಿಯಲ್ಲಿ, ಬೆಳಕನ್ನು ಅಗಲವಾಗಿ ನುಂಗಿದ ಪಟ್ಟಿ. ಹೀರುವ ಅನಿಲ ನಮ್ಮ ಕಡೆಗೆ ಧಾವಿಸುತ್ತಿರುವುದರಿಂದ ಪಟ್ಟಿ ನೀಲಿ ಬದಿಗೆ ಬಿದ್ದಿದೆ. ಬೇರೆ ಬೇರೆ ವೇಗಗಳ ಅನಿಲ ಒಂದೇ ದೃಷ್ಟಿರೇಖೆಯಲ್ಲಿ ಇರುವುದರಿಂದ ಅದು ಅಗಲವಾಗಿದೆ. ಇಂಥ ಅಗಲ ಪಟ್ಟಿಗಳು ಹತ್ತರಲ್ಲಿ ಒಂದೆರಡು ಕ್ವೇಸಾರ್‌ಗಳಲ್ಲಿ ಕಾಣುತ್ತವೆ ಎಂದು ಮುಂದಿನ ಸಮೀಕ್ಷೆಗಳು ತೋರಿಸಿದವು.

ಒಂದು ಪಟ್ಟಿಯನ್ನು ಹತ್ತಿರದಿಂದ ನೋಡಿದರೆ ಅಳತೆಯ ಕ್ರಮ ಸ್ಪಷ್ಟವಾಗುತ್ತದೆ. ಮೂರು ಎಲೆಕ್ಟ್ರಾನ್ ಕಳೆದುಕೊಂಡ ಕಾರ್ಬನ್ ಪರಮಾಣು 1,548 ಮತ್ತು 1,551 ಆಂಗ್‌ಸ್ಟ್ರಾಮ್ ಅಲೆಯುದ್ದಗಳಲ್ಲಿ ಬೆಳಕನ್ನು ಹೀರುತ್ತದೆ. ಇದು ದೂರದ ಅತಿನೇರಳೆ. ನಮ್ಮ ವಾತಾವರಣ ಅದನ್ನು ಒಳಗೆ ಬಿಡುವುದಿಲ್ಲ. ಆದರೆ ಕ್ವೇಸಾರಿನ ಕೆಂಪು ಪಲ್ಲಟ 2 ಆಗಿದ್ದರೆ ಪ್ರತಿ ಅಲೆಯುದ್ದವೂ ಮೂರು ಪಟ್ಟು ಹಿಗ್ಗಿ ಬರುವುದರಿಂದ ಕಾರ್ಬನ್ನಿನ ಉತ್ಸರ್ಜನ ರೇಖೆ ಸುಮಾರು 4,647 ಆಂಗ್‌ಸ್ಟ್ರಾಮ್‌ನಲ್ಲಿ, ಕಣ್ಣಿಗೂ ಕಾಣುವ ನೀಲಿಯಲ್ಲಿ ಸಿಗುತ್ತದೆ. ಹೀರಿಕೆ ಪಟ್ಟಿಯ ಒಂದು ಭಾಗ ಸುಮಾರು 4,495 ಆಂಗ್‌ಸ್ಟ್ರಾಮ್‌ನಲ್ಲಿದ್ದರೆ ಆ ಭಾಗದ ಅನಿಲ ಕ್ವೇಸಾರಿನಿಂದ ಸೆಕೆಂಡಿಗೆ 10,000 ಕಿಲೋಮೀಟರ್ ವೇಗದಲ್ಲಿ ಹೊರಬರುತ್ತಿದೆ ಎಂದಾಯಿತು. ಅತಿನೇರಳೆಯ ಗೆರೆಗಳನ್ನು ನೆಲದ ಮೇಲೆ ಕೂತು ಓದುವ ಈ ಅನುಕೂಲ ಇಲ್ಲದಿದ್ದರೆ, ಮಧ್ಯಮ ಗಾತ್ರದ ದೂರದರ್ಶಕಗಳಿರುವ ದೇಶಗಳಿಗೆ ಈ ಕ್ಷೇತ್ರದಲ್ಲಿ ಜಾಗವೇ ಇರುತ್ತಿರಲಿಲ್ಲ.

ಇಪ್ಪತ್ತು ವರ್ಷ ಕಾಲ ಈ ಪಟ್ಟಿಗಳನ್ನು ಸ್ಥಿರವೆಂದೇ ನೋಡಲಾಯಿತು. ಗೆಲಾಕ್ಸಿಗಳ ಜಗತ್ತಿನಲ್ಲಿ ಮನುಷ್ಯನ ಆಯುಷ್ಯದೊಳಗೆ ಏನೂ ಬದಲಾಗದು ಎಂಬ ನಂಬಿಕೆ ಸಹಜವಾಗಿಯೇ ಇತ್ತು. 1987ರಲ್ಲಿ ಕ್ರೇಗ್ ಫೋಲ್ಟ್ಸ್ ಮತ್ತು ಸಂಗಡಿಗರು ಕ್ಯೂ 1303+308 ಎಂಬ ಕ್ವೇಸಾರಿನ ಅಗಲ ಪಟ್ಟಿಗಳು ಬದಲಾಗಿವೆ ಎಂದು ವರದಿ ಮಾಡಿದರು. ನಂತರದ ಕೆಲವು ವರ್ಷಗಳಲ್ಲಿ ಇನ್ನಷ್ಟು ಉದಾಹರಣೆಗಳು ಸೇರಿಕೊಂಡವು. ಪಟ್ಟಿಗಳು ಸಾಮಾನ್ಯವಾಗಿ ಜಾಗ ಬಿಟ್ಟು ಸರಿಯುವುದಿಲ್ಲ, ಇದ್ದಲ್ಲೇ ಆಳವಾಗುತ್ತವೆ ಅಥವಾ ಮಾಸುತ್ತವೆ ಎಂಬುದು ಆಗಲೇ ಗಮನಕ್ಕೆ ಬಂತು.

ಈ ಬದಲಾವಣೆಗೆ ಎರಡು ಕಾರಣಗಳಿರಬಹುದು. ಎರಡನ್ನೂ ಬೇರ್ಪಡಿಸುವುದೇ ಈ ಕ್ಷೇತ್ರದ ದೊಡ್ಡ ಕಷ್ಟ. ಮೊದಲನೆಯದು ಅನಿಲದ ಮೋಡ ದೃಷ್ಟಿರೇಖೆಗೆ ಅಡ್ಡವಾಗಿ ಬರುವುದು ಅಥವಾ ದಾಟಿ ಹೋಗುವುದು. ಸೆಕೆಂಡಿಗೆ 3,000 ಕಿಲೋಮೀಟರ್ ವೇಗದಲ್ಲಿ ಅಡ್ಡ ಹಾಯುವ ಮೋಡ ಒಂದು ವರ್ಷದಲ್ಲಿ ಸುಮಾರು 9,500 ಕೋಟಿ ಕಿಲೋಮೀಟರ್ ಸಾಗುತ್ತದೆ. ಇದು ಭೂಮಿಗೂ ಸೂರ್ಯನಿಗೂ ಇರುವ ಅಂತರದ ಸುಮಾರು 630 ಪಟ್ಟು. ಕಪ್ಪುಕುಳಿಗೆ ಸುತ್ತಿ ಬೀಳುತ್ತ ಅತಿನೇರಳೆ ಬೆಳಕು ಹೊಮ್ಮಿಸುವ ಅನಿಲದ ತಟ್ಟೆಯ ಗಾತ್ರ ಇದಕ್ಕೆ ಹೋಲಿಸಬಹುದಾದಷ್ಟೇ ಇರುವುದರಿಂದ, ಕೆಲವು ತಿಂಗಳು ಅಥವಾ ವರ್ಷಗಳಲ್ಲಿ ಪಟ್ಟಿ ಆಳವಾಗುವುದಕ್ಕೆ, ಮಾಸುವುದಕ್ಕೆ ಇದೊಂದೇ ಸಾಕು. ಹಾಗಿದ್ದರೆ ಅಡ್ಡ ಹಾಯುವ ವೇಗ ತಿಳಿಯುತ್ತದೆ. ಮೋಡ ಕಪ್ಪುಕುಳಿಯ ಸುತ್ತ ಗ್ರಹದಂತೆ ಸುತ್ತುತ್ತಿದೆ ಎಂದಿಟ್ಟುಕೊಂಡರೆ ಆ ವೇಗದಿಂದ ದೂರವೂ ತಿಳಿಯುತ್ತದೆ.

ಎರಡನೆಯದು ಅಯಾನೀಕರಣದ ಬದಲಾವಣೆ. ಮೋಡ ಇದ್ದಲ್ಲೇ ಇರುತ್ತದೆ. ಅದರ ಮೇಲೆ ಬೀಳುವ ಕ್ವೇಸಾರಿನ ತೀಕ್ಷ್ಣ ಬೆಳಕು ಏರಿದಾಗ ಪರಮಾಣುಗಳು ಇನ್ನಷ್ಟು ಎಲೆಕ್ಟ್ರಾನ್‌ಗಳನ್ನು ಕಳೆದುಕೊಳ್ಳುತ್ತವೆ, ಇಳಿದಾಗ ಮರಳಿ ಪಡೆಯುತ್ತವೆ. ಮೂರು ಎಲೆಕ್ಟ್ರಾನ್ ಕಳೆದುಕೊಂಡ ಕಾರ್ಬನ್ ನಾಲ್ಕನೆಯದನ್ನೂ ಕಳೆದುಕೊಂಡರೆ ಮೇಲೆ ಹೇಳಿದ ಪಟ್ಟಿ ಮಾಸುತ್ತದೆ, ಆದರೆ ಅನಿಲ ಎಲ್ಲಿಗೂ ಹೋಗಿರುವುದಿಲ್ಲ. ಎಲೆಕ್ಟ್ರಾನ್ ಮರಳಿ ಪಡೆಯಲು ಬೇಕಾಗುವ ಸಮಯ ಅನಿಲದ ದಟ್ಟಣೆಯನ್ನು ಅವಲಂಬಿಸಿದೆ. ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆ ಜನದಿಂದ ತುಂಬಿರುವಾಗ ಗೂಡು ತಂದ ರೈತನಿಗೆ ಕೊಳ್ಳುವವರು ಸಿಗಲು ಹೊತ್ತಾಗುವುದಿಲ್ಲ, ಖಾಲಿಯಿರುವಾಗ ಕಾಯಬೇಕಾಗುತ್ತದೆ. ಅಯಾನಿಗೆ ಎಲೆಕ್ಟ್ರಾನ್ ಸಿಗುವ ಬಗೆಯೂ ಹಾಗೆಯೇ. ಸುಮಾರು ಹತ್ತು ಸಾವಿರ ಡಿಗ್ರಿ ಉಷ್ಣತೆಯ ಹೈಡ್ರೊಜನ್ ಅನಿಲದಲ್ಲಿ ಘನ ಸೆಂಟಿಮೀಟರಿಗೆ 10,000 ಎಲೆಕ್ಟ್ರಾನ್‌ಗಳಿದ್ದರೆ ಮರುಕೂಡಿಕೆಗೆ ಸುಮಾರು 12 ವರ್ಷ ಬೇಕು. ಒಂದು ಲಕ್ಷ ಇದ್ದರೆ ಒಂದು ವರ್ಷ ಚಿಲ್ಲರೆ ಸಾಕು. ಕಾರ್ಬನ್, ಅಲ್ಯೂಮಿನಿಯಮ್‌ಗಳ ಲೆಕ್ಕ ಬೇರೆ, ತತ್ತ್ವ ಒಂದೇ. ಗೆರೆ ಎಷ್ಟು ಬೇಗ ಬದಲಾಯಿತೋ ಅನಿಲ ಕನಿಷ್ಠ ಅಷ್ಟು ದಟ್ಟವಾಗಿರಲೇಬೇಕು.

ದಟ್ಟಣೆ ಸಿಕ್ಕಿದ ಮೇಲೆ ದೂರಕ್ಕೆ ಒಂದೇ ಹೆಜ್ಜೆ. ಅನಿಲದ ಅಯಾನೀಕರಣದ ಮಟ್ಟವನ್ನು ತೀರ್ಮಾನಿಸುವುದು ಅದರ ಮೇಲೆ ಬೀಳುವ ಬೆಳಕು ಮತ್ತು ಅದರ ದಟ್ಟಣೆಗಳ ಅನುಪಾತ. ಬೆಳಕು ದೂರದ ವರ್ಗಕ್ಕೆ ತಕ್ಕಂತೆ ಕುಗ್ಗುತ್ತದೆ. ಬೇರೆ ಬೇರೆ ಧಾತುಗಳ ಗೆರೆಗಳಿಂದ ಅಯಾನೀಕರಣದ ಮಟ್ಟ, ಕ್ವೇಸಾರಿನ ಪ್ರಕಾಶದಿಂದ ಬೆಳಕಿನ ಮೊತ್ತ, ಬದಲಾವಣೆಯ ವೇಗದಿಂದ ದಟ್ಟಣೆ ಗೊತ್ತಾದರೆ ಉಳಿಯುವುದು ದೂರ ಮಾತ್ರ. ಯಾವ ಛಾಯಾಚಿತ್ರದಲ್ಲೂ ಬಿಡಿಯಾಗಿ ಕಾಣದ ಮೋಡವೊಂದು ಕಪ್ಪುಕುಳಿಯಿಂದ ಎಷ್ಟು ದೂರದಲ್ಲಿದೆ ಎಂದು ಹೀಗೆ ಲೆಕ್ಕಹಾಕಬಹುದು ಎಂಬುದು ಈ ವಿಧಾನದ ದೊಡ್ಡಸ್ತಿಕೆ.

ಇಲ್ಲೊಂದು ಎಚ್ಚರ ಬೇಕು. ವಿಶ್ವದ ವಿಸ್ತರಣೆ ಅಲೆಯುದ್ದವನ್ನು ಹಿಗ್ಗಿಸಿದಂತೆ ಕಾಲವನ್ನೂ ಹಿಗ್ಗಿಸುತ್ತದೆ. ಕೆಂಪು ಪಲ್ಲಟ 2 ಇರುವ ಕ್ವೇಸಾರನ್ನು ಇಲ್ಲಿ ಮೂರು ವರ್ಷ ಗಮನಿಸಿದರೆ ಅಲ್ಲಿ ಕಳೆದಿರುವುದು ಒಂದೇ ವರ್ಷ. ಆದ್ದರಿಂದ ದೂರದ ಕ್ವೇಸಾರ್‌ಗಳ ಮೇಲೆ ಕಣ್ಣಿಡುವವರು ದಶಕಗಳ ತಾಳ್ಮೆ ಇಟ್ಟುಕೊಳ್ಳಬೇಕಾಗುತ್ತದೆ, ಹಳೆಯ ರೋಹಿತಗಳನ್ನು ಜತನವಾಗಿ ಕಾಪಾಡಬೇಕಾಗುತ್ತದೆ.

ಅಂಥ ಹಳೆಯ ರೋಹಿತಗಳ ದೊಡ್ಡ ಖಜಾನೆ ಒದಗಿಸಿದ್ದು ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿ 2000ದಲ್ಲಿ ಶುರುವಾದ ಸ್ಲೋನ್ ಸಮೀಕ್ಷೆ. ಅದನ್ನು ಮೊದಲಿಗೇ ಚೆನ್ನಾಗಿ ಬಳಸಿಕೊಂಡವರಲ್ಲಿ ಭಾರತೀಯರಿದ್ದಾರೆ. ಪುಣೆಯ ಅಂತರ ವಿಶ್ವವಿದ್ಯಾಲಯ ಖಗೋಳ ಕೇಂದ್ರ, ಅಂದರೆ ಅಯುಕಾ, ಜುನ್ನರ್ ಬಳಿಯ ಗಿರವಲಿಯಲ್ಲಿ 2006ರಲ್ಲಿ ಎರಡು ಮೀಟರಿನ ದೂರದರ್ಶಕ ತೆರೆದಿತ್ತು. ಅಲ್ಲಿನ ಆರ್. ಶ್ರೀಆನಂದ್ ಮತ್ತು ಎಂ. ವಿವೇಕ್ ಹಾಗೂ ಸಂಗಡಿಗರು ಸ್ಲೋನ್ ತೆಗೆದಿದ್ದ ಹಳೆಯ ರೋಹಿತಗಳನ್ನು ಕೈಯಲ್ಲಿಟ್ಟುಕೊಂಡು ಅವೇ ಕ್ವೇಸಾರ್‌ಗಳತ್ತ ಗಿರವಲಿಯ ದೂರದರ್ಶಕವನ್ನು ಮತ್ತೆ ಮತ್ತೆ ತಿರುಗಿಸಿದರು. ವಿವೇಕ್ ಮುಂದೆ ಬೆಂಗಳೂರಿನ ಭಾರತೀಯ ತಾರಾಭೌತ ಸಂಸ್ಥೆಯನ್ನು ಸೇರಿದರು. ಹೀಗೆ ಈ ಕೆಲಸ ಎವರ್‌ಶೆಡ್‌ನ ವೀಕ್ಷಣಾಲಯದ ಉತ್ತರಾಧಿಕಾರಿ ಸಂಸ್ಥೆಗೆ ಬಂದು ಸೇರಿತು.

ಅವರು ಹಿಡಿದದ್ದು ಅಪರೂಪದ ಬಗೆಯ ಕ್ವೇಸಾರ್‌ಗಳನ್ನು. ಅಗಲ ಪಟ್ಟಿಗಳಿರುವ ಕ್ವೇಸಾರ್‌ಗಳಲ್ಲೇ ಒಂದು ಸಣ್ಣ ಪಾಲಿನಲ್ಲಿ ಮೆಗ್ನೀಸಿಯಮ್, ಅಲ್ಯೂಮಿನಿಯಮ್‌ಗಳಂಥ ಕಡಿಮೆ ಅಯಾನೀಕೃತ ಧಾತುಗಳ ಪಟ್ಟಿಗಳು ಇರುತ್ತವೆ. ಅದರಲ್ಲೂ ಕೆಲವೇ ಕೆಲವಲ್ಲಿ ಕಬ್ಬಿಣದ್ದು. 2012ರಲ್ಲಿ ಅವರು ಪ್ರಕಟಿಸಿದ ಅಧ್ಯಯನದಲ್ಲಿ ಕಬ್ಬಿಣದ ಪಟ್ಟಿಗಳಿರುವ ಐದು ಕ್ವೇಸಾರ್‌ಗಳಿದ್ದವು, ಅವಧಿ ಹತ್ತು ವರ್ಷದವರೆಗೆ. ನಾಲ್ಕರಲ್ಲಿ ಅಳತೆಯ ಅನಿಶ್ಚಿತತೆಯನ್ನು ಮೀರಿದ ಯಾವ ಬದಲಾವಣೆಯೂ ಕಾಣಲಿಲ್ಲ. ಐದನೆಯದು, ಸ್ಲೋನ್ ಪಟ್ಟಿಯಲ್ಲಿ ಜೆ2215-0045 ಎಂದಿರುವ 1.478 ಕೆಂಪು ಪಲ್ಲಟದ ಕ್ವೇಸಾರ್, ನಾಟಕೀಯವಾಗಿ ಬದಲಾಗಿತ್ತು. 2000 ಮತ್ತು 2008ರ ನಡುವೆ, ಅಂದರೆ ಕ್ವೇಸಾರಿನ ಲೆಕ್ಕದಲ್ಲಿ ಮೂರು ವರ್ಷ ಚಿಲ್ಲರೆಯಲ್ಲಿ, ಎರಡು ಎಲೆಕ್ಟ್ರಾನ್ ಕಳೆದುಕೊಂಡ ಅಲ್ಯೂಮಿನಿಯಮ್ ಮತ್ತು ಕಬ್ಬಿಣದ ಪಟ್ಟಿಗಳು ಬಹಳಷ್ಟು ದುರ್ಬಲವಾಗಿದ್ದವು. ಅದೇ ಹೊತ್ತಿಗೆ ಕಾರ್ಬನ್ನಿನ ಪಟ್ಟಿ ಹೆಚ್ಚು ಕದಲಿರಲಿಲ್ಲ. ಕಬ್ಬಿಣದ ಈ ಬಗೆಯ ಗೆರೆಗಳು ಬದಲಾದದ್ದನ್ನು ಯಾವುದೇ ಕ್ವೇಸಾರಿನಲ್ಲಿ ಕಂಡದ್ದು ಅದೇ ಮೊದಲು. ಅಲ್ಯೂಮಿನಿಯಮ್ ಗೆರೆ ಬದಲಾದ ಅತಿ ಕಡಿಮೆ ಅವಧಿಯನ್ನು ಹಿಡಿದು ಲೆಕ್ಕ ಹಾಕಿದಾಗ, ಆ ಅನಿಲದಲ್ಲಿ ಘನ ಸೆಂಟಿಮೀಟರಿಗೆ ಕನಿಷ್ಠ 11,000 ಎಲೆಕ್ಟ್ರಾನ್‌ಗಳು ಇರಬೇಕೆಂದು ತಿಳಿಯಿತು. ಬದಲಾವಣೆಗೆ ಅಯಾನೀಕರಣ ಕಾರಣವೋ ಮೋಡದ ಅಡ್ಡ ಚಲನೆಯೋ ಎಂಬುದನ್ನು ಲೇಖಕರು ತೆರೆದೇ ಇಟ್ಟರು. ಅದು ಪ್ರಾಮಾಣಿಕ ನಿಲುವು. ಕೈಯಲ್ಲಿದ್ದ ದತ್ತಾಂಶ ಅದಕ್ಕಿಂತ ಮುಂದೆ ಹೋಗಲು ಬಿಡುತ್ತಿರಲಿಲ್ಲ.

ಅದೇ ವರ್ಷ ಅದೇ ತಂಡ ಇನ್ನೊಂದು ಕ್ವೇಸಾರಿನ ಕತೆ ಹೇಳಿತು. ಜೆ1333+0012ರ ಕೆಂಪು ಪಲ್ಲಟ ಸುಮಾರು 0.92. ಅದರಲ್ಲಿ ಸೆಕೆಂಡಿಗೆ ಸುಮಾರು 17,000 ಕಿಲೋಮೀಟರ್ ವೇಗದ ಮೆಗ್ನೀಸಿಯಮ್ ಪಟ್ಟಿ ಮಾಸುತ್ತ ಹೋಯಿತು. ಸುಮಾರು 28,000 ಕಿಲೋಮೀಟರ್ ವೇಗದ ಇನ್ನೊಂದು ಪಟ್ಟಿ ಹೊಸದಾಗಿ ಮೂಡಿ, ಅದೂ ನೋಡುನೋಡುತ್ತಲೇ ಬದಲಾಯಿತು. ಎರಡನೆಯ ವೇಗ ಬೆಳಕಿನ ವೇಗದ ಹತ್ತನೇ ಒಂದು ಪಾಲಿಗೆ ಹತ್ತಿರ. 2014ರಲ್ಲಿ ಅವರ ಪಟ್ಟಿ 22 ಕ್ವೇಸಾರ್‌ಗಳಿಗೆ ಬೆಳೆಯಿತು; ಅವಧಿ ಕ್ವೇಸಾರಿನ ಲೆಕ್ಕದಲ್ಲಿ ಹತ್ತು ದಿನದಿಂದ ಸುಮಾರು ಏಳೂಮುಕ್ಕಾಲು ವರ್ಷದವರೆಗೆ. ಒಂದು ವರ್ಷಕ್ಕೂ ಮೀರಿದ ಅಂತರದಲ್ಲಿ ಎಂಟು ಕ್ವೇಸಾರ್‌ಗಳು ಬದಲಾಗಿದ್ದವು; ವರ್ಷದೊಳಗೆ ಬದಲಾದವು ನಾಲ್ಕೇ.

ಈ ಸಂಖ್ಯೆಗಳ ಅರ್ಥ ತಿಳಿಯಲು ಸ್ಲೋನ್ ಸಮೀಕ್ಷೆಯ ದೊಡ್ಡ ಲೆಕ್ಕದ ಪಕ್ಕ ಇಟ್ಟು ನೋಡಬೇಕು. ಟರ್ಕಿಯ ನೂರ್ತೆನ್ ಫಿಲಿಜ್ ಆಕ್ ಮತ್ತು ಸಂಗಡಿಗರು 2012ರಲ್ಲಿ 582 ಕ್ವೇಸಾರ್‌ಗಳನ್ನು ಹೋಲಿಸಿ, 19 ಕ್ವೇಸಾರ್‌ಗಳಲ್ಲಿ 21 ಕಾರ್ಬನ್ ಪಟ್ಟಿಗಳು ಪೂರ್ತಿ ಮರೆಯಾದುದನ್ನು ಕಂಡರು. ಒಂದು ಪಟ್ಟಿ ದೃಷ್ಟಿರೇಖೆಯಲ್ಲಿ ಸರಾಸರಿ ಒಂದು ಶತಮಾನದಷ್ಟು ಉಳಿಯಬಹುದು ಎಂದು ಅದರಿಂದ ಅಂದಾಜಾಯಿತು. ಮರುವರ್ಷ 291 ಕ್ವೇಸಾರ್‌ಗಳ ಅಧ್ಯಯನದಲ್ಲಿ, ಒಂದರಿಂದ 3.7 ವರ್ಷಗಳ ಅಂತರದಲ್ಲಿ ಕಾರ್ಬನ್ ಮತ್ತು ಸಿಲಿಕಾನ್ ಪಟ್ಟಿಗಳಲ್ಲಿ ಅರ್ಧಕ್ಕೂ ಹೆಚ್ಚು ಬದಲಾಗಿದ್ದವು. ಕಡಿಮೆ ಅಯಾನೀಕೃತ ಅನಿಲ ಅಷ್ಟು ಸುಲಭಕ್ಕೆ ಕದಲುವುದಿಲ್ಲ ಎಂಬ ಗಿರವಲಿಯ ಫಲಿತಾಂಶ ಈ ಹೋಲಿಕೆಯಲ್ಲಿ ಎದ್ದು ಕಾಣುತ್ತದೆ. ಇನ್ನೊಂದು ತುದಿಯಲ್ಲಿ, 2015ರಲ್ಲಿ ಕ್ಯಾಥರೀನ್ ಗ್ರಿಯರ್ ಮತ್ತು ಸಂಗಡಿಗರು ಕ್ವೇಸಾರಿನ ಲೆಕ್ಕದಲ್ಲಿ 1.2 ದಿನದೊಳಗೆ ಪಟ್ಟಿ ಬದಲಾದ ಉದಾಹರಣೆ ಕೊಟ್ಟರು. ಅಯುಕಾ ಪಾಲುದಾರನಾಗಿರುವ ದಕ್ಷಿಣ ಆಫ್ರಿಕಾದ ಸಾಲ್ಟ್ ದೂರದರ್ಶಕದಿಂದ ಪಿ. ಅರೋಮಲ್, ಶ್ರೀಆನಂದ್ ಮತ್ತು ಪ್ಯಾರಿಸಿನ ಪ್ಯಾಟ್ರಿಕ್ ಪೆಟಿಜೀನ್ ಅತಿವೇಗದ ಹರಿವುಗಳಿರುವ 64 ಕ್ವೇಸಾರ್‌ಗಳನ್ನು ಬೆನ್ನುಹತ್ತಿದರು. ಅಲ್ಲಿ ಸುಮಾರು ಶೇ 95ರಷ್ಟರಲ್ಲಿ ಬದಲಾವಣೆ ಸಿಕ್ಕಿತು. ಹರಿವು ಹೆಚ್ಚು ವೇಗದ್ದಾದಷ್ಟೂ ಹೆಚ್ಚು ಚಂಚಲ ಎಂಬ ಚಿತ್ರ ಹೀಗೆ ಗಟ್ಟಿಯಾಗುತ್ತ ಬಂತು.

ಇಷ್ಟಾದರೂ ಮೂಲ ಪ್ರಶ್ನೆಯ ಮೇಲೆ ವಿವಾದ ಉಳಿದಿದೆ. ಹೊರಹರಿವಿನ ಸಿದ್ಧಾಂತ ಕಟ್ಟಿದವರು ಅನಿಲ ಕಪ್ಪುಕುಳಿಯ ಸುತ್ತಲಿನ ತಟ್ಟೆಯಿಂದಲೇ, ಒಂದು ಜ್ಯೋತಿರ್ವರ್ಷಕ್ಕಿಂತ ಕಡಿಮೆ ದೂರದಲ್ಲಿ ಚಿಮ್ಮುತ್ತದೆ ಎನ್ನುತ್ತಾರೆ. ಅಳತೆ ಮಾಡಿದವರಲ್ಲಿ ಅನೇಕರಿಗೆ ಹೀರುವ ಅನಿಲ ಹತ್ತಾರು, ನೂರಾರು ಜ್ಯೋತಿರ್ವರ್ಷ ಆಚೆಗೆ ಸಿಗುತ್ತಿದೆ. ಮೊಟ್ಟಮೊದಲ ಹೀರಿಕೆ ಗೆರೆಗಳನ್ನು ಕೊಟ್ಟ 3ಸಿ 191ರಲ್ಲಿ, ಬೇರೊಂದು ವಿಧಾನದಿಂದ 2001ರಲ್ಲಿ ಅಳೆದ ದೂರ ಸುಮಾರು 28,000 ಪಾರ್ಸೆಕ್, ಅಂದರೆ 90,000 ಜ್ಯೋತಿರ್ವರ್ಷ. ಅದು ಗೆಲಾಕ್ಸಿಯ ಹೊರ ಅಂಚು. ಈ ವ್ಯತ್ಯಾಸ ಬರೀ ವಿವರದ ಮಾತಲ್ಲ. ಹರಿವು ಹೊತ್ತೊಯ್ಯುವ ದ್ರವ್ಯದ ಲೆಕ್ಕದಲ್ಲಿ ದೂರ ನೇರವಾಗಿ ಗುಣಕವಾಗಿ ಬರುತ್ತದೆ. ದೂರ ಹತ್ತು ಪಟ್ಟು ತಪ್ಪಿದರೆ ಶಕ್ತಿಯ ಲೆಕ್ಕವೂ ಹತ್ತು ಪಟ್ಟು ತಪ್ಪುತ್ತದೆ. ಕ್ವೇಸಾರಿನ ಗಾಳಿ ತನ್ನ ಗೆಲಾಕ್ಸಿಯ ಅನಿಲವನ್ನು ಗುಡಿಸಿ ಹಾಕಿ ಹೊಸ ನಕ್ಷತ್ರಗಳ ಹುಟ್ಟನ್ನೇ ನಿಲ್ಲಿಸಬಲ್ಲದೇ ಎಂಬ ಪ್ರಶ್ನೆಗೆ ಹೌದು ಅಥವಾ ಅಲ್ಲ ಎನ್ನುವುದು ಈ ಒಂದು ಸಂಖ್ಯೆಯ ಮೇಲೆ ನಿಂತಿದೆ.

ಮರುಕೂಡಿಕೆಯ ಲೆಕ್ಕದಲ್ಲಿರುವ ದೊಡ್ಡ ಬಿರುಕು ತೋರಿಸಿದ್ದು ಹತ್ತಿರದ ಗೆಲಾಕ್ಸಿ ಎನ್‌ಜಿಸಿ 5548. ಇದರ ನಡುವಿನ ಕಪ್ಪುಕುಳಿ ಸಣ್ಣ ಪ್ರಮಾಣದ ಕ್ವೇಸಾರಿನಂತೆ ಬೆಳಗುತ್ತದೆ. 2014ರಲ್ಲಿ ಹಬಲ್ ದೂರದರ್ಶಕ ಸುಮಾರು ಆರು ತಿಂಗಳು ಬಹುತೇಕ ದಿನವೂ ಅದರ ಅತಿನೇರಳೆ ರೋಹಿತ ತೆಗೆಯಿತು. ಗೆರೆಗಳು ಮೊದಮೊದಲು ಗೆಲಾಕ್ಸಿಯ ಬೆಳಕಿನ ಏರಿಳಿತವನ್ನು ಹಿಂಬಾಲಿಸಿದವು. ಆಮೇಲೆ ಎರಡು ತಿಂಗಳ ಮಟ್ಟಿಗೆ ಬೆಳಕು ತನ್ನ ಪಾಡಿಗೆ ಏರಿಳಿಯಿತು, ಗೆರೆಗಳು ಅದರ ಗೊಡವೆಗೇ ಹೋಗಲಿಲ್ಲ. ಇದಕ್ಕೆ ಕಾರಣ ಹುಡುಕಿದವರು ಕಂಡುಕೊಂಡದ್ದು, ಕಪ್ಪುಕುಳಿಗೆ ತೀರ ಹತ್ತಿರದಲ್ಲಿರುವ ಇನ್ನೊಂದು ಅನಿಲದ ಪರದೆ. ಹಿಂದಿನ ವರ್ಷವೇ ಎಕ್ಸ್‌-ಕಿರಣಗಳಲ್ಲಿ ಸಿಕ್ಕಿದ್ದ ಈ ಪರದೆ ಹೊರಗಿನ ಮೋಡದ ಮೇಲೆ ಬೀಳುವ ತೀಕ್ಷ್ಣ ಬೆಳಕನ್ನು ತಡೆಯುತ್ತಿತ್ತು. ನಮಗೆ ಕಾಣುವ ಬೆಳಕೇ ಬೇರೆ, ಮೋಡಕ್ಕೆ ಕಾಣುವ ಬೆಳಕೇ ಬೇರೆಯಾಗಿತ್ತು. ಗೆರೆಯ ಬದಲಾವಣೆಯಿಂದ ದಟ್ಟಣೆ ಲೆಕ್ಕ ಹಾಕುವವರು ಮೋಡದ ಮೇಲೆ ಬೀಳುವ ಬೆಳಕು ಎಷ್ಟು ಎಂಬುದನ್ನು ಊಹೆಗೆ ಬಿಡಬಾರದು, ಅತಿನೇರಳೆಯಲ್ಲೂ ಎಕ್ಸ್‌-ಕಿರಣದಲ್ಲೂ ಒಂದೇ ಹೊತ್ತಿಗೆ ಅಳೆಯಬೇಕು ಎಂಬುದು ಅಲ್ಲಿಂದ ಖಚಿತವಾಯಿತು.

ಒಂದೇ ಹೊತ್ತಿಗೆ ಹಲವು ಬಗೆಯ ಬೆಳಕನ್ನು ನೋಡುವುದಕ್ಕೆಂದೇ ರೂಪಿಸಿದ ಭಾರತದ ಉಪಗ್ರಹ ಆಸ್ಟ್ರೊಸ್ಯಾಟ್. 2015ರ ಸೆಪ್ಟೆಂಬರ್ 28ರಂದು ಪಿಎಸ್‌ಎಲ್‌ವಿ ರಾಕೆಟ್ ಅದನ್ನು 650 ಕಿಲೋಮೀಟರ್ ಎತ್ತರದ ಕಕ್ಷೆಗೆ ಒಯ್ದಿತು. ಅದರ ಅತಿನೇರಳೆ ದೂರದರ್ಶಕ ಯುವಿಐಟಿಯನ್ನು ಜೋಡಿಸಿದ್ದು ಭಾರತೀಯ ತಾರಾಭೌತ ಸಂಸ್ಥೆಯ ಹೊಸಕೋಟೆ ಆವರಣದ ಪ್ರಯೋಗಾಲಯದಲ್ಲಿ. 375 ಮಿಲಿಮೀಟರ್ ಅಗಲದ ಕನ್ನಡಿಯುಳ್ಳ ಎರಡು ದೂರದರ್ಶಕಗಳು ಅದರಲ್ಲಿ ಜೋಡಿಯಾಗಿವೆ. ಪಕ್ಕದಲ್ಲೇ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಎಕ್ಸ್‌-ಕಿರಣ ಉಪಕರಣಗಳು ಅದೇ ಗುರಿಯನ್ನು ಅದೇ ಕ್ಷಣದಲ್ಲಿ ನೋಡುತ್ತವೆ.

ಆ ಅಳತೆಗಳು ನೆಲಕ್ಕಿಳಿಯುವುದು ಬ್ಯಾಲಾಳಿನಲ್ಲಿ. ಬೆಂಗಳೂರಿನಿಂದ ಸುಮಾರು 40 ಕಿಲೋಮೀಟರ್ ದೂರದಲ್ಲಿ, ಮಾಗಡಿ ಸೀಮೆಯ ಅಂಚಿಗೆ ಹೊಂದಿಕೊಂಡಿರುವ ಈ ಹಳ್ಳಿಯ ಬಳಿ ಇಸ್ರೊ 2008ರಲ್ಲಿ ಚಂದ್ರಯಾನ-1ಕ್ಕಾಗಿ 32 ಮೀಟರ್ ಮತ್ತು 18 ಮೀಟರ್ ಅಗಲದ ಆಂಟೆನಾಗಳನ್ನು ನಿಲ್ಲಿಸಿತು. ಆಸ್ಟ್ರೊಸ್ಯಾಟ್‌ಗಾಗಿ 11 ಮೀಟರಿನ ಇನ್ನೊಂದು ಆಂಟೆನಾ ಬಂತು. ಆಸ್ಟ್ರೊಸ್ಯಾಟ್‌ನ ಕಕ್ಷೆ ಭೂಮಧ್ಯರೇಖೆಗೆ ಆರು ಡಿಗ್ರಿಯಷ್ಟೇ ವಾಲಿದೆ. ಸುಮಾರು ನೂರು ನಿಮಿಷಕ್ಕೊಂದು ಸುತ್ತು ಮುಗಿಸುವ ಅದು ದಿನಕ್ಕೆ ಹಲವು ಬಾರಿ ಬ್ಯಾಲಾಳಿನ ನೋಟಕ್ಕೆ ಬರುತ್ತದೆ. ಅಲ್ಲಿನ ಭಾರತೀಯ ಬಾಹ್ಯಾಕಾಶ ವಿಜ್ಞಾನ ದತ್ತಾಂಶ ಕೇಂದ್ರ ಹಸಿ ಸಂಕೇತಗಳನ್ನು ಸಂಸ್ಕರಿಸಿ, ಸಂಶೋಧಕರಿಗೆ ಹಂಚಿ, ಶಾಶ್ವತವಾಗಿ ಕಾಪಿಡುತ್ತದೆ. 2018ರ ಸೆಪ್ಟೆಂಬರ್ 26ರಂದು ಆಸ್ಟ್ರೊಸ್ಯಾಟ್ ಸಂಗ್ರಹವನ್ನು ಎಲ್ಲರಿಗೂ ತೆರೆಯಲಾಯಿತು. ಮುಂಚೆ ನೋಡಿದವರ ಅಳತೆ ಮುಂದೆ ನೋಡುವವರ ಕೈಗೆ ಸಿಗದೆ ನಡೆಯದ ವಿದ್ಯೆಯಲ್ಲಿ ಇದು ದೂರದರ್ಶಕ ಕಟ್ಟಿದಷ್ಟೇ ತೂಕದ ಕೆಲಸ.

ಆಸ್ಟ್ರೊಸ್ಯಾಟ್‌ನ ಮಿತಿಯನ್ನೂ ಹೇಳಬೇಕು. ಯುವಿಐಟಿಯ ಜಾಲರಿಗಳು ಕೊಡುವ ರೋಹಿತ ಸ್ಥೂಲವಾದುದು. ಕಿರಿದಾದ ಹೀರಿಕೆ ಗೆರೆಯ ಒಳರಚನೆ ಅದರಲ್ಲಿ ತೋರದು. ಅದರ ಸಮೀಪ ಅತಿನೇರಳೆ ವಾಹಿನಿ 2018ರಲ್ಲಿ ನಿಂತುಹೋಯಿತು, ದೂರ ಅತಿನೇರಳೆಯದು ಕೆಲಸ ಮುಂದುವರಿಸಿತು. ಗೆರೆಯ ಆಕಾರ, ವೇಗ, ಆಳಗಳನ್ನು ಓದುವುದು ಹಬಲ್, ಸಾಲ್ಟ್‌ನಂಥ ದೊಡ್ಡ ಉಪಕರಣಗಳ ಪಾಲಿಗೇ ಉಳಿದಿದೆ. ಆ ಗೆರೆಯ ಮೇಲೆ ಬೀಳುವ ಅತಿನೇರಳೆ ಮತ್ತು ಎಕ್ಸ್‌-ಕಿರಣಗಳ ಏರಿಳಿತವನ್ನು ಏಕಕಾಲಕ್ಕೆ ದಾಖಲಿಸುವುದು ಆಸ್ಟ್ರೊಸ್ಯಾಟ್‌ನಿಂದ ಆಗುತ್ತದೆ. ಹೊರಹರಿವಿನ ದೂರದ ಲೆಕ್ಕದಲ್ಲಿ ಬಹುಕಾಲ ಊಹೆಯಾಗಿಯೇ ಉಳಿದಿದ್ದ ಪದ ಅದೇ.